ತಾಯಿಗೆ ಕೊಟ್ಟ ಮದ್ದು ಮರಿಗೂ ಸೇರುತ್ತದೆ: ನಾಯಿಯ ಸಿಸೇರಿಯನ್ನಿಗೆ ಸುರಕ್ಷಿತ ಅರಿವಳಿಕೆ ಆರಿಸುವ ಬಗೆ

ಕಳೆದ ಆಟಿಯಲ್ಲಿ, ತುಳುನಾಡಿನ ಜೋರು ಮಳೆಯ ಆ ತಿಂಗಳಲ್ಲಿ, ಒಂದು ರಾತ್ರಿ ಹತ್ತೂವರೆಗೆ, ಕುಂದಾಪುರದಾಚೆಯ ಊರಿನಿಂದ ಒಬ್ಬ ಮಹಿಳೆ ತಮ್ಮ ಪಗ್ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ಉಡುಪಿಗೆ ಬಂದರು. ಮಧ್ಯಾಹ್ನದಿಂದ ಅದು ತಿಣುಕುತ್ತಿತ್ತು, ಒಂದು ಮರಿಯೂ ಹೊರಬಂದಿರಲಿಲ್ಲ. ಹಾಸಿದ್ದ ಹಳೆಯ ಪಂಚೆಯ ಮೇಲೆ ಕಡುಹಸಿರು ಕಲೆಯಾಗಿತ್ತು. ಸಿಸೇರಿಯನ್ ಮಾಡಲೇಬೇಕು ಎಂದೆ. ಆಕೆ ಕೇಳಿದ ಮೊದಲ ಪ್ರಶ್ನೆ ಇದು: "ಡಾಕ್ಟರೇ, ಚಿಂಕಿಗೆ ಮತ್ತು ಬರಿಸಿದರೆ ಹೊಟ್ಟೆಯೊಳಗಿನ ಮರಿಗಳಿಗೂ ಮತ್ತು ಬರುವುದಿಲ್ಲವೇ?"

ಬರುತ್ತದೆ. ಈ ಬರಹವೆಲ್ಲ ಆ ಒಂದು ಉತ್ತರದ ಬೆನ್ನು ಹಿಡಿದು ಹೊರಟದ್ದು. ಸಾಕುಪ್ರಾಣಿಗಳ ವೈದ್ಯನಾಗಿ ನಾನು ಇದನ್ನು ಮುಖ್ಯವಾಗಿ ನಾಯಿ ಸಾಕಿದವರಿಗಾಗಿ ಬರೆಯುತ್ತಿದ್ದೇನೆ. ಈಗಷ್ಟೇ ವೃತ್ತಿಗೆ ಬಂದ ಪಶುವೈದ್ಯರಿಗೂ ಕೆಲವು ಮಾತುಗಳಿವೆ. ನಡುವೆ ಬರುವ ಪ್ರಮಾಣಗಳು ವೈದ್ಯರಿಗೆ ಮಾತ್ರ. ಇವುಗಳಲ್ಲಿ ಒಂದನ್ನೂ ಮನೆಯಲ್ಲಿ ಕೊಡುವ ಯೋಚನೆ ಮಾಡಬೇಡಿ.

ಒಂದು ಮೇಜು, ಹಲವು ಜೀವಗಳು

ತಾಯಿಯ ಮೆದುಳಿಗೆ ತಲುಪಿ ಅರಿವು ಮರೆಸಬಲ್ಲ ಮದ್ದು, ತಾಯಿಯನ್ನೂ ಮರಿಯನ್ನೂ ಬೆಸೆಯುವ ಮಾಸನ್ನೂ ದಾಟಬಲ್ಲದು. ಕೊಬ್ಬಿನಲ್ಲಿ ಕರಗುವ ಗುಣ ಮತ್ತು ಸಣ್ಣ ಅಣು, ಈ ಎರಡರಿಂದಲೇ ಅದು ಮೆದುಳಿಗೆ ಹೋಗುವುದು, ಅದೇ ಎರಡರಿಂದ ಮರಿಗೂ ಹೋಗುವುದು. ವ್ಯತ್ಯಾಸ ಇರುವುದು ಆಮೇಲೆ. ತಾಯಿಯ ಯಕೃತ್ತು ಮದ್ದನ್ನು ಮುರಿದು ಹೊರಹಾಕುತ್ತದೆ. ಆಗತಾನೆ ಹುಟ್ಟಿದ ಮರಿಯ ಯಕೃತ್ತಿಗೆ ಆ ಕೆಲಸ ಇನ್ನೂ ಸರಿಯಾಗಿ ಬರುವುದಿಲ್ಲ. ತಾಯಿ ಒಂದು ಗಂಟೆಯಲ್ಲಿ ತಲೆ ಎತ್ತಿದರೂ ಮರಿ ಹಲವು ಗಂಟೆ ಮಂಕಾಗಿಯೇ ಇರಬಹುದು. ಮಂಕಾದ ಮರಿ ಮೊಲೆ ಹುಡುಕುವುದಿಲ್ಲ, ಹಾಲು ಕುಡಿಯುವುದಿಲ್ಲ, ಮೈ ತಣ್ಣಗಾಗುತ್ತದೆ, ಮರುದಿನ ಸಾಯುತ್ತದೆ. ಆ ಸಾವನ್ನು ಎಷ್ಟೋ ಮನೆಗಳಲ್ಲಿ "ಮರಿ ಮೊದಲೇ ಬಡವಾಗಿತ್ತು" ಎಂದು ಹೇಳಿ ಮುಗಿಸುತ್ತಾರೆ.

ಹಾಗಾಗಿ ನನ್ನ ಅಳತೆಗೋಲು ಒಂದೇ. ಮರಿಯ ಮೈಯಿಂದ ಬೇಗ ಹೊರಹೋಗುವ ಮದ್ದು ಯಾವುದು? ಯಕೃತ್ತನ್ನು ನೆಚ್ಚದೆ ಉಸಿರಿನ ಜೊತೆಗೇ ಹೊರಹೋಗುವಂಥದ್ದಾದರೆ ಎಲ್ಲಕ್ಕಿಂತ ಒಳ್ಳೆಯದು. ಅದನ್ನು ಎಷ್ಟು ಕಡಿಮೆ ಕೊಟ್ಟು, ಎಷ್ಟು ಬೇಗ ಮರಿಗಳನ್ನು ಹೊರತೆಗೆಯಬಹುದು? ಉಳಿದ ಆಯ್ಕೆಗಳೆಲ್ಲ ಇದರ ಹಿಂದೆ ಬರುತ್ತವೆ.

ತಾಯಿಯ ಮೈಯೂ ಆ ಹೊತ್ತಿಗೆ ಮೊದಲಿನಂತಿರುವುದಿಲ್ಲ. ರಕ್ತದ ಪ್ರಮಾಣ ಏರಿರುತ್ತದೆ, ಕೆಂಪು ಕಣಗಳು ಅದೇ ಲೆಕ್ಕದಲ್ಲಿ ಏರದ ಕಾರಣ ರಕ್ತ ತೆಳುವಾಗಿರುತ್ತದೆ. ಆಮ್ಲಜನಕದ ಬೇಡಿಕೆ ಹೆಚ್ಚು, ಆದರೆ ತುಂಬಿದ ಗರ್ಭಕೋಶ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಒತ್ತುವುದರಿಂದ ಶ್ವಾಸಕೋಶದಲ್ಲಿ ಅದರ ದಾಸ್ತಾನು ಕಡಿಮೆ. ಬೇರೆ ನಾಯಿ ತಡೆದುಕೊಳ್ಳುವಷ್ಟು ಹೊತ್ತು ಗಬ್ಬದ ನಾಯಿ ಉಸಿರಿಲ್ಲದೆ ತಡೆಯಲಾರದು. ಪ್ರೊಜೆಸ್ಟರಾನ್ ಹಾರ್ಮೋನಿನಿಂದಾಗಿ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಅನ್ನನಾಳದ ಬುಡ ಸಡಿಲವಾಗಿರುತ್ತದೆ. ಅರಿವು ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ನಿಜವಾದದ್ದು. ಅರಿವಳಿಕೆಯ ಅನಿಲವೂ ಸಾಮಾನ್ಯ ನಾಯಿಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ಸಾಕಾಗುತ್ತದೆ. ಎಂದಿನ ಪ್ರಮಾಣ ಕೊಟ್ಟರೆ ಅದು ಹೆಚ್ಚಾದಂತೆಯೇ. ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ: ಗರ್ಭಕೋಶಕ್ಕೆ ತನ್ನ ರಕ್ತದ ಹರಿವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇಲ್ಲ. ತಾಯಿಯ ರಕ್ತದೊತ್ತಡ ಇಳಿದರೆ ಮರಿಗಳಿಗೆ ಹೋಗುವ ಆಮ್ಲಜನಕ ನೇರವಾಗಿ ಇಳಿಯುತ್ತದೆ.

ಮೊದಲ ಹೆಜ್ಜೆ: 45ನೇ ದಿನದ ಮಾತುಕತೆ

ಅರಿವಳಿಕೆಯ ಆಯ್ಕೆ ನಡೆಯಬೇಕಾದದ್ದು ಹೆರಿಗೆಯ ರಾತ್ರಿಯಲ್ಲ. ನಾಯಿ ಗಬ್ಬವಾಗಿ 45 ದಿನವಾಗುವಷ್ಟರಲ್ಲಿ ನೀವು ನಿಮ್ಮ ವೈದ್ಯರ ಮುಂದೆ ಕುಳಿತು ಈ ವಿಷಯ ಎತ್ತಿರಬೇಕು. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಯಾದರೆ, ಹಿಂದಿನ ಸಲ ಹೆರಿಗೆ ಕಷ್ಟವಾಗಿದ್ದರೆ, ಹೊಟ್ಟೆಯಲ್ಲಿ ಒಂದೇ ಒಂದು ಮರಿ ಇದ್ದರೆ, ಸಿಸೇರಿಯನ್ ಆಗಬಹುದೆಂದು ಎಣಿಸಿಕೊಂಡೇ ನಡೆಯುವುದು ಮೇಲು.

ಏನು ಕೇಳಬೇಕು? ಮೊದಲು, ಉಸಿರಿನ ಮೂಲಕ ಕೊಡುವ ಅನಿಲ ಅರಿವಳಿಕೆಯ ಯಂತ್ರ ಇದೆಯೇ, ಆಮ್ಲಜನಕದ ಸಿಲಿಂಡರ್ ತುಂಬಿದೆಯೇ, ಖಾಲಿಯಾದರೆ ಇನ್ನೊಂದು ಇದೆಯೇ. ಅರಿವು ತಪ್ಪಿಸಲು ಯಾವ ಚುಚ್ಚುಮದ್ದು ಬಳಸುತ್ತೀರಿ ಎಂದು ನೇರವಾಗಿ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಗಂಟಲಿಗೆ ಉಸಿರ ಕೊಳವೆ ಹಾಕುತ್ತೀರಾ? ಶಸ್ತ್ರಚಿಕಿತ್ಸೆ ಮಾಡುವವರನ್ನು ಬಿಟ್ಟು ಅರಿವಳಿಕೆಯನ್ನೇ ನೋಡಿಕೊಳ್ಳಲು ಬೇರೊಬ್ಬರು ಇರುತ್ತಾರೆಯೇ? ಮರಿಗಳನ್ನು ಹಿಡಿಯಲು ಎಷ್ಟು ಕೈಗಳಿವೆ? ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಕೊನೆಯ ಪ್ರಶ್ನೆ ಸಣ್ಣದೆಂದು ತೋರಬಹುದು. ನಮ್ಮ ಕರಾವಳಿಯಲ್ಲಿ ಉಡುಪಿ, ಮಣಿಪಾಲ, ಮಂಗಳೂರು ಬಿಟ್ಟರೆ ಇಂಥ ಸೌಕರ್ಯ ಸಿಗುವ ಜಾಗಗಳು ಕಡಿಮೆ. ಬೈಂದೂರಿನವರೋ ಸುಳ್ಯದವರೋ ಆದರೆ ದಾರಿಯ ಹೊತ್ತನ್ನೂ ಲೆಕ್ಕ ಹಾಕಬೇಕು. ಮಳೆಗಾಲದ ರಾತ್ರಿ ಹೆದ್ದಾರಿ 66ರಲ್ಲಿ ಆ ಲೆಕ್ಕ ಇನ್ನಷ್ಟು ಉದ್ದವಾಗುತ್ತದೆ.

55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿ ಮರಿಗಳನ್ನು ಎಣಿಸಿಕೊಳ್ಳಿ. ಎಷ್ಟು ಮರಿ ಎಂದು ಗೊತ್ತಿದ್ದರೆ ಎಷ್ಟು ಟವೆಲ್, ಎಷ್ಟು ಜನ ಬೇಕೆಂದು ಗೊತ್ತಾಗುತ್ತದೆ. ಅಂದಿನ ತೂಕವನ್ನೂ ಬರೆದಿಟ್ಟುಕೊಳ್ಳಿ. ಮದ್ದಿನ ಲೆಕ್ಕವೆಲ್ಲ ತೂಕದ ಮೇಲೆ ನಿಂತಿದೆ.

ಯೋಜಿತ ಸಿಸೇರಿಯನ್ ಆದರೆ ದಿನ ನಿಗದಿಪಡಿಸುವುದೇ ದೊಡ್ಡ ಜವಾಬ್ದಾರಿ. ಅಂಡ ಬಿಡುಗಡೆಯಾದ ದಿನದಿಂದ ಸುಮಾರು 63 ದಿನಕ್ಕೆ ಮರಿ ಬಲಿತಿರುತ್ತದೆ. ಕೂಡಿಸಿದ ದಿನದಿಂದ ಎಣಿಸಿದರೆ ಮಾತ್ರ ಈ ಲೆಕ್ಕ ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಆಚೀಚೆಯಾಗುತ್ತದೆ. ಎರಡು ದಿನ ಮೊದಲೇ ತೆಗೆದ ಮರಿಯ ಶ್ವಾಸಕೋಶ ಅರಳದಿರಬಹುದು. ಆಗ ಜಗತ್ತಿನ ಅತ್ಯುತ್ತಮ ಅರಿವಳಿಕೆಯೂ ಅದನ್ನು ಉಳಿಸದು. ಆದ್ದರಿಂದ ರಕ್ತದ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಬೇಕು. ಈ ಹಾರ್ಮೋನಿನ ಅಣು ನಾಯಿಗೂ ಮನುಷ್ಯರಿಗೂ ಒಂದೇ ಆದ ಕಾರಣ ಮನುಷ್ಯರ ಪ್ರಯೋಗಾಲಯದಲ್ಲೂ ಅಳೆಯಬಹುದು. ಅದು ಒಂದು ಮಿಲಿಲೀಟರಿಗೆ 2 ನ್ಯಾನೋಗ್ರಾಂಗಿಂತ ಕೆಳಗಿಳಿದರೆ ಮರಿಗಳು ಹೊರಬರಲು ಸಿದ್ಧವಾಗಿವೆ ಎಂದರ್ಥ. ಮನೆಯಲ್ಲಿ ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಮೂರು ಬಾರಿ ಗುದದ ತಾಪ ನೋಡುತ್ತಿರಿ. 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ನೋವು ಆರಂಭವಾಗುತ್ತದೆ.

ಹೊರಡಬೇಕಾದ ಹೊತ್ತು

ಅರ್ಧ ಗಂಟೆ ಜೋರಾಗಿ ತಿಣುಕಿಯೂ ಮರಿ ಬರದಿದ್ದರೆ ಹೊರಡಿ. ಒಂದು ಮರಿ ಬಂದು ಎರಡು ಗಂಟೆಯಾದರೂ ಇನ್ನೊಂದರ ಸುಳಿವಿಲ್ಲ, ಒಳಗೆ ಮರಿ ಇರುವುದು ಗೊತ್ತು ಎಂದಾದರೂ ಹೊರಡಿ. ಮೊದಲ ಮರಿ ಬರುವ ಮೊದಲೇ ಕಡುಹಸಿರು ಸ್ರಾವ ಕಂಡರೆ ಮಾಸು ಬಿಡುತ್ತಿದೆ ಎಂದರ್ಥ, ಆಗ ಕಾಯುವ ಮಾತೇ ಇಲ್ಲ. ನೋವು ಬರಿಸುವ ಆಕ್ಸಿಟೋಸಿನ್ ಚುಚ್ಚಿಸಿ ನೋಡೋಣ ಎಂದು ಊರಿನಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಆ ಚುಚ್ಚುಮದ್ದು ಗರ್ಭಕೋಶವನ್ನು ಹಿಂಡಿ ಮರಿಗೆ ಹೋಗುವ ರಕ್ತವನ್ನೇ ತಡೆಯುತ್ತದೆ.

ಕಾರಿನಲ್ಲಿ ಎಸಿ ಹಾಕಿ. ಮೇ ತಿಂಗಳ ಸೆಖೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಪಗ್, ಮೇಜಿನ ಮೇಲೆ ಮಲಗುವ ಮೊದಲೇ ಅರ್ಧ ಸೋತಿರುತ್ತದೆ. ದಾರಿಯಲ್ಲಿ ಏನನ್ನೂ ತಿನ್ನಿಸಬೇಡಿ. ಕೊನೆಯ ಬಾರಿ ಎಷ್ಟು ಹೊತ್ತಿಗೆ ಏನು ತಿಂದಿತು ಎಂಬುದನ್ನು ಮುಚ್ಚಿಡದೆ ಹೇಳಿ. "ಏನೂ ತಿಂದಿಲ್ಲ" ಎಂದವರ ನಾಯಿಯ ಗಂಟಲಿನಿಂದ ಮೀನು ಬೆರೆತ ಅನ್ನ ಮೇಲೆ ಬಂದದ್ದನ್ನು ನಾನು ಕೊಳವೆ ಹಾಕುತ್ತಿರುವಾಗಲೇ ಕಂಡಿದ್ದೇನೆ. ಕೊಳವೆಯ ಗಾಳಿಚೀಲ ಉಬ್ಬಿಸಿದ್ದರಿಂದ ಆ ನಾಯಿ ಉಳಿಯಿತು.

ಯಾವುದು ಬೇಡ

ಕ್ಸೈಲಜೀನ್ ಎಂಬ ಮಂಪರಿನ ಮದ್ದು ಬೇಡ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನಮ್ಮ ನಾಡಿನಲ್ಲಿ ಇದು ಎಲ್ಲ ಕಡೆ ಸಿಗುತ್ತದೆ. ಅಗ್ಗ, ಸ್ನಾಯುವಿಗೆ ಚುಚ್ಚಿದರೂ ಸಾಕು, ದನಕ್ಕೂ ನಾಯಿಗೂ ಅದೇ ಬಾಟಲಿ. ಕೆಟಮೀನ್ ಜೊತೆ ಸೇರಿಸಿದರೆ ಯಂತ್ರವಿಲ್ಲದೆ ಇಡೀ ಶಸ್ತ್ರಚಿಕಿತ್ಸೆ ಮುಗಿಸಬಹುದು. ಆದರೆ ಅದು ತಾಯಿಯ ಹೃದಯದ ಬಡಿತವನ್ನೂ ಹೃದಯ ಹೊರದೂಡುವ ರಕ್ತವನ್ನೂ ಇಳಿಸುತ್ತದೆ. ಹಾಗಾದಾಗ ಗರ್ಭಕೋಶದ ಪಾಲೂ ಇಳಿಯಿತು. ಮರಿಗೂ ದಾಟಿ ಅದರ ಉಸಿರನ್ನೇ ಕುಗ್ಗಿಸುತ್ತದೆ. 2000ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ 800ಕ್ಕೂ ಹೆಚ್ಚು ನಾಯಿ ಸಿಸೇರಿಯನ್‌ಗಳನ್ನು ನೋಡಿದ ಅಧ್ಯಯನದಲ್ಲಿ ಮರಿಗಳ ಸಾವಿನ ಜೊತೆ ತಳುಕು ಹಾಕಿಕೊಂಡ ಮದ್ದುಗಳಲ್ಲಿ ಕ್ಸೈಲಜೀನ್ ಒಂದು. ವೃತ್ತಿಯ ಆರಂಭದ ವರ್ಷಗಳಲ್ಲಿ, ಬೇರೇನೂ ಕೈಯಲ್ಲಿಲ್ಲದಾಗ, ನಾನೂ ಇದನ್ನು ಬಳಸಿದ್ದೇನೆ. ಒಂದು ಲ್ಯಾಬ್ರಡಾರ್‌ನ ಹೊಟ್ಟೆಯಿಂದ ಆರು ಮರಿಗಳನ್ನು ತೆಗೆದೆ. ಆರಕ್ಕೂ ಹೃದಯ ಬಡಿಯುತ್ತಿತ್ತು, ನಾಲ್ಕು ಉಸಿರೇ ಎಳೆಯಲಿಲ್ಲ. ಬೆಳಗಿನ ಜಾವದವರೆಗೆ ಉಜ್ಜಿದೆವು. ಆ ನಾಲ್ಕನ್ನು ನಾನು ಮರೆತಿಲ್ಲ.

ಅಸಿಪ್ರೊಮಜೀನ್ ಎಂಬ ಶಾಂತಗೊಳಿಸುವ ಮದ್ದು ಕೂಡ ಬೇಡ; ರಕ್ತದೊತ್ತಡ ಇಳಿಸುತ್ತದೆ, ಗಂಟೆಗಟ್ಟಲೆ ಉಳಿಯುತ್ತದೆ, ಅದನ್ನು ತೊಡೆದುಹಾಕುವ ಪ್ರತಿಮದ್ದು ಇಲ್ಲ. ಥಯೊಪೆಂಟಾಲ್ ಈಗ ಬಳಕೆಯಲ್ಲಿ ಕಡಿಮೆಯಾಗಿದೆ, ಹಾಗೆಯೇ ಇರಲಿ. ಕೆಟಮೀನ್ ಒಂದರಿಂದಲೇ ಮರಿಗಳು ಸಾಯುತ್ತವೆ ಎನ್ನಲಾರೆ, ಆದರೆ ಮಂಕಾಗಿ ಹುಟ್ಟುತ್ತವೆ. ಡಯಾಜೆಪಾಮ್, ಮಿಡಜೋಲಾಮ್ ಕೊಟ್ಟರೆ ಮರಿಗಳು ತೊಯ್ದ ಬಟ್ಟೆಯಂತೆ ಜೋತುಬೀಳುತ್ತವೆ. ಅನಿವಾರ್ಯವಾಗಿ ಕೊಡಬೇಕಾಗಿ ಬಂದರೆ ಮಿಡಜೋಲಾಮನ್ನು ಆರಿಸಿ, ಅದರ ಪ್ರತಿಮದ್ದು ಫ್ಲೂಮಜೆನಿಲ್ ಪಕ್ಕದಲ್ಲಿರಲಿ.

ಹಾಗೆಂದು ಹೆದರಿ ನಡುಗುತ್ತಿರುವ ನಾಯಿಯನ್ನು ನಾಲ್ಕು ಜನ ಅದುಮಿ ಹಿಡಿದು ಮಾಡುವುದೂ ತಪ್ಪು. ಹೆದರಿಕೆಯಿಂದ ಉಕ್ಕುವ ಅಡ್ರಿನಲಿನ್ ಗರ್ಭಕೋಶದ ರಕ್ತನಾಳಗಳನ್ನು ಬಿಗಿಯುತ್ತದೆ. ಶಾಂತವಾಗಿರುವ ನಾಯಿಗೆ ನಾನು ಮೊದಲೇ ಏನನ್ನೂ ಕೊಡುವುದಿಲ್ಲ. ತೀರಾ ಹೆದರಿದ ನಾಯಿಗೆ ಕಡಿಮೆ ಪ್ರಮಾಣದ ಬ್ಯುಟಾರ್ಫನಾಲ್ ಸಾಕಾಗುತ್ತದೆ. ಎಷ್ಟೋ ಸಲ ಮನೆಯವರು ತಲೆಯ ಬಳಿ ಕುಳಿತು ಹೆಸರು ಹಿಡಿದು ಮಾತಾಡಿಸುವುದೇ ಅರ್ಧ ಮದ್ದು.

ಯಾವುದು ಬೇಕು

ಅರಿವು ತಪ್ಪಿಸಲು ರಕ್ತನಾಳದ ಮೂಲಕ ಪ್ರೊಪೊಫೋಲ್ ಅಥವಾ ಆಲ್ಫಾಕ್ಸಲೋನ್, ತಕ್ಷಣ ಗಂಟಲಿಗೆ ಕೊಳವೆ, ನಂತರ ಆಮ್ಲಜನಕದ ಜೊತೆ ಐಸೋಫ್ಲುರೇನ್ ಅಥವಾ ಸೆವೋಫ್ಲುರೇನ್ ಅನಿಲ. ನನ್ನ ಮೊದಲ ಆಯ್ಕೆ ಇದು, ಎರಡನೆಯದೂ ಇದೇ.

ಪ್ರೊಪೊಫೋಲ್ ಹಾಲಿನಂತೆ ಬೆಳ್ಳಗಿರುವ ದ್ರವ. ಮೈಯ ಬೇರೆ ಭಾಗಗಳಿಗೆ ಬೇಗ ಹಂಚಿಹೋಗಿ ಮೆದುಳನ್ನು ಬಿಡುತ್ತದೆ. ಕಿಲೋಗ್ರಾಂಗೆ 4ರಿಂದ 6 ಮಿಲಿಗ್ರಾಂ ಎಂದು ಪುಸ್ತಕಗಳಲ್ಲಿದೆ. ಆದರೆ ಗಬ್ಬದ ನಾಯಿಗೆ, ಅದರಲ್ಲೂ ಬಳಲಿ ಬಂದದ್ದಕ್ಕೆ, ಅದಕ್ಕಿಂತ ಕಡಿಮೆಯಲ್ಲೇ ಕೆಲಸವಾಗುವುದುಂಟು. ಒಂದು ನಿಮಿಷಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡು, ದವಡೆ ಸಡಿಲವಾಗುವವರೆಗೆ ಮಾತ್ರ ಕೊಡಬೇಕು. ಒಮ್ಮೆಲೇ ತಳ್ಳಿದರೆ ಉಸಿರು ನಿಲ್ಲುತ್ತದೆ, ಒತ್ತಡ ಕುಸಿಯುತ್ತದೆ. ಕೊಬ್ಬು ಬೆರೆತ ಈ ದ್ರವದಲ್ಲಿ ಸೂಕ್ಷ್ಮಾಣುಗಳು ಸೊಂಪಾಗಿ ಬೆಳೆಯುವುದರಿಂದ, ನಿನ್ನೆ ಒಡೆದ ಬಾಟಲಿಯಲ್ಲಿ ಉಳಿದದ್ದನ್ನು ಇಂದು ಬಳಸಕೂಡದು. ದುಬಾರಿ ಎಂದು ಉಳಿಸಿಟ್ಟುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆಗೆ ಬಲಿಯಾಗಬೇಡಿ ಎಂದು ಕಿರಿಯರಿಗೆ ಹೇಳುತ್ತೇನೆ. ಆಲ್ಫಾಕ್ಸಲೋನ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಹುಟ್ಟಿದ ಮರಿಗಳು ಮೊದಲ ಗಂಟೆಯಲ್ಲಿ ಹೆಚ್ಚು ಚುರುಕಾಗಿರುವುದನ್ನು ಅಧ್ಯಯನಗಳು ತೋರಿಸಿವೆ, ಬದುಕುಳಿಯುವ ಪ್ರಮಾಣದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಂಡಿಲ್ಲ. ಹಾಗಾಗಿ ಅದಿಲ್ಲವೆಂದು ಕೊರಗಬೇಕಾಗಿಲ್ಲ.

ಐಸೋಫ್ಲುರೇನ್ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮರಿ ನಾಲ್ಕು ಸಲ ಜೋರಾಗಿ ಅತ್ತರೆ ಅಷ್ಟು ಅನಿಲ ಹೊರಹೋಯಿತು. ಉಸಿರಿನಿಂದ ಹೊರಹೋಗುವ ಮದ್ದಿನ ಬೆಲೆ ತಿಳಿಯುವುದು ಅಲ್ಲಿ. ಮರಿಗಳು ಹೊರಬರುವವರೆಗೆ ಅನಿಲದ ಪ್ರಮಾಣ ತೋರುವ ಡಯಲನ್ನು ಎಷ್ಟು ಕೆಳಗಿಡಲು ಸಾಧ್ಯವೋ ಅಷ್ಟು ಕೆಳಗಿಡಬೇಕು. ಹಾಗಿಡಲು ನೆರವಾಗುವುದು ಹೊಟ್ಟೆಯ ನಡುಗೆರೆಯಲ್ಲಿ ಕೊಡುವ, ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್. 8 ಕಿಲೋ ತೂಕದ ಪಗ್‌ಗೆ ಕಿಲೋಗೆ 4 ಮಿಲಿಗ್ರಾಂ ಲೆಕ್ಕದಲ್ಲಿ 32 ಮಿಲಿಗ್ರಾಂ, ಎಂದರೆ 2 ಪ್ರತಿಶತದ ದ್ರಾವಣ 1.6 ಮಿಲಿಲೀಟರ್. ಗೆರೆ ಉದ್ದವಿದ್ದರೆ ಸಲೈನ್ ಬೆರೆಸಿ ಹಿಗ್ಗಿಸಿಕೊಳ್ಳಿ, ಮದ್ದನ್ನು ಹೆಚ್ಚಿಸಬೇಡಿ. ಕೊಯ್ಯುವ ಜಾಗ ಮರಗಟ್ಟಿದ್ದರೆ ನಾಯಿ ಹಗುರ ನಿದ್ದೆಯಲ್ಲೇ ಸುಮ್ಮನಿರುತ್ತದೆ.

ಮಾಸ್ಕ್ ಹಿಡಿದು ಅನಿಲದಿಂದಲೇ ಮತ್ತು ಬರಿಸುವ ಹಳೆಯ ಪದ್ಧತಿ ಕೆಲವೆಡೆ ಇದೆ. ಅದು ನಿಧಾನ, ನಾಯಿ ಒದ್ದಾಡುತ್ತದೆ, ಅಷ್ಟು ಹೊತ್ತೂ ಉಸಿರ ದಾರಿಗೆ ಕಾವಲಿಲ್ಲ. ಚಪ್ಪಟೆ ಮೂತಿಯ ನಾಯಿಗಂತೂ ಬೇಡವೇ ಬೇಡ.

"ಹೆಂಗಸರಿಗೆ ಬೆನ್ನಿಗೆ ಕೊಡುತ್ತಾರಲ್ಲ?"

ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಲ್ಲಿ ಮಗಳ ಹೆರಿಗೆ ನೋಡಿದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ತಾಯಿಗೆ ಎಚ್ಚರವಿರುತ್ತದೆ, ಮಗುವಿಗೆ ಮದ್ದು ಹೋಗುವುದು ತೀರಾ ಕಡಿಮೆ. ನಾಯಿಯಲ್ಲೂ ಸೊಂಟದ ಕೊನೆಯ ಎಲುಬು ಮತ್ತು ಅದರ ಹಿಂದಿನ ತ್ರಿಕಾಸ್ಥಿ ಎಂಬ ಮೂಳೆಯ ನಡುವೆ ಲಿಗ್ನೊಕೇನ್ ಕೊಟ್ಟು ಹಿಂಭಾಗ ಮರಗಟ್ಟಿಸಬಹುದು. ಮರಿಗಳ ಮಟ್ಟಿಗೆ ಇದು ಬಹಳ ಒಳ್ಳೆಯದು.

ತೊಡಕು ತಾಯಿಯ ಕಡೆಯಿಂದ. ನಾಯಿಗೆ "ಅರ್ಧ ಗಂಟೆ ಅಂಗಾತ ಮಲಗಿರಮ್ಮ" ಎಂದು ಹೇಳಲಾಗುವುದಿಲ್ಲ. ಮುಂಗಾಲು, ತಲೆ ಆಡುತ್ತಲೇ ಇರುತ್ತವೆ, ಕೊನೆಗೆ ಮಂಪರಿನ ಮದ್ದು ಕೊಡಬೇಕಾಗುತ್ತದೆ. ಮಂಪರಿನಲ್ಲಿ ವಾಂತಿಯಾದರೆ ಕೊಳವೆ ಇಲ್ಲದ ಗಂಟಲಿಗೆ ರಕ್ಷಣೆ ಇಲ್ಲ. ರಕ್ತದೊತ್ತಡವೂ ಇಳಿಯುತ್ತದೆ. ಗಬ್ಬದಲ್ಲಿ ಬೆನ್ನುಹುರಿಯ ಸುತ್ತಲಿನ ರಕ್ತನಾಳಗಳು ಉಬ್ಬಿ ಜಾಗ ಕಿರಿದಾಗಿರುವುದರಿಂದ ಎಂದಿನ ಪ್ರಮಾಣದ ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡಬೇಕು. ಇಲ್ಲದಿದ್ದರೆ ಮದ್ದು ಮುಂದಕ್ಕೆ ಹರಡಿ ಉಸಿರಿನ ಸ್ನಾಯುಗಳನ್ನೇ ಹಿಡಿಯುತ್ತದೆ. ಸೋಂಕಾಗಿರುವ, ರಕ್ತ ಹೋಗಿ ಸೊರಗಿರುವ ನಾಯಿಗೆ ಇದು ಸಲ್ಲದು. ಕೈ ಪಳಗಿದವರು, ಶಾಂತ ಸ್ವಭಾವದ ನಾಯಿ, ಎರಡೂ ಕೂಡಿಬಂದರೆ ಮಾಡಬಹುದು. ಅನಿಲ ಅರಿವಳಿಕೆಯ ಜೊತೆಗೆ ಸೇರಿಸಿಕೊಂಡರೆ ಡಯಲನ್ನು ಇನ್ನಷ್ಟು ಇಳಿಸಬಹುದು, ನನಗೆ ಹೆಚ್ಚು ಒಪ್ಪಿಗೆಯಾಗುವ ಬಳಕೆ ಅದು.

ಯಂತ್ರವಿಲ್ಲದ ಊರಿನಲ್ಲಿ

ಎಲ್ಲ ತಾಲ್ಲೂಕಿನಲ್ಲೂ ಅನಿಲದ ಯಂತ್ರ ಇರುವುದಿಲ್ಲ. ತಾಯಿ ಸ್ಥಿರವಾಗಿದ್ದು, ಸ್ಕ್ಯಾನ್‌ನಲ್ಲಿ ಮರಿಗಳ ಹೃದಯ ನಿಮಿಷಕ್ಕೆ 200ರ ಆಸುಪಾಸಿನಲ್ಲಿ ಬಡಿಯುತ್ತಿದ್ದರೆ, ಒಂದು ಗಂಟೆಯ ದಾರಿ ಹೋಗಿ ಸರಿಯಾದ ಸೌಕರ್ಯವಿರುವಲ್ಲಿ ಮಾಡಿಸಿ. 180ಕ್ಕಿಂತ ಕೆಳಗಿದ್ದರೆ ಮರಿಗಳು ಕಷ್ಟದಲ್ಲಿವೆ. 160ಕ್ಕಿಂತ ಕೆಳಗಿಳಿದಿದ್ದರೆ ದಾರಿ ಹಿಡಿಯುವ ಹೊತ್ತು ಮೀರಿದೆ, ಅಲ್ಲೇ ಮಾಡಬೇಕು.

ಅಲ್ಲೇ ಮಾಡುವುದಾದರೆ ಹೀಗೆ: ಪ್ರೊಪೊಫೋಲ್ ಕೊಟ್ಟು ಕೊಳವೆ ಹಾಕಿ, ಸಿಲಿಂಡರಿನಿಂದ ಆಮ್ಲಜನಕ ಕೊಟ್ಟು, ನಡುಗೆರೆಗೆ ಲಿಗ್ನೊಕೇನ್ ಹಾಕಿ, ಬೇಕಾದಂತೆ ಪ್ರೊಪೊಫೋಲನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗುವುದು. ಇದು ಅನಿಲದಷ್ಟು ಒಳ್ಳೆಯದಲ್ಲ, ಕ್ಸೈಲಜೀನ್‌ಗಿಂತ ಬಹಳ ಮೇಲು. ಆಮ್ಲಜನಕದ ಸಿಲಿಂಡರ್, ನಾಲ್ಕು ಅಳತೆಯ ಕೊಳವೆಗಳು, ಕೈಯಿಂದ ಒತ್ತುವ ಉಸಿರು ಚೀಲ ಇಷ್ಟಿದ್ದರೆ ಸಣ್ಣ ಚಿಕಿತ್ಸಾಲಯದಲ್ಲೂ ಇದು ಸಾಧ್ಯ. ಮಳೆಗಾಲದಲ್ಲಿ ವಿದ್ಯುತ್ ಹೋದರೂ ಇವು ಕೈಕೊಡುವುದಿಲ್ಲ. ಹಣೆಗೆ ಕಟ್ಟುವ ಟಾರ್ಚ್ ಒಂದು ಹತ್ತಿರವಿರಲಿ.

ಮೇಜಿನ ಮೇಲಿನ ಕ್ರಮ

ಚಿಂಕಿಗೆ ಆ ರಾತ್ರಿ ಮಾಡಿದ್ದನ್ನೇ ಹೇಳುತ್ತೇನೆ. ಮೊದಲು ಮುಂಗಾಲಿಗೆ ಸೂಜಿ ಹಾಕಿ ರಿಂಗರ್ ಲ್ಯಾಕ್ಟೇಟ್ ಹರಿಸಿದೆವು. ಒಂದು ಹನಿ ರಕ್ತದಿಂದ ಸಕ್ಕರೆ ನೋಡಿದೆವು. ತಾಸುಗಟ್ಟಲೆ ತಿಣುಕಿದ ನಾಯಿಯಲ್ಲಿ ಸಕ್ಕರೆ, ಕ್ಯಾಲ್ಸಿಯಂ ಇಳಿದಿರಬಹುದು. ಮನೆಯಾಕೆಯ ಮಡಿಲಲ್ಲೇ ಮುಖಕ್ಕೆ ಮಾಸ್ಕ್ ಹಿಡಿದು ಐದು ನಿಮಿಷ ಆಮ್ಲಜನಕ ಕೊಟ್ಟೆವು. ಆ ಐದು ನಿಮಿಷ ದಾಸ್ತಾನು ತುಂಬಿಸಿಕೊಳ್ಳುವ ಹೊತ್ತು, ಅದನ್ನು ಯಾವ ಅವಸರದಲ್ಲೂ ಬಿಡಬಾರದು. ಅಷ್ಟರಲ್ಲೇ ಪಕ್ಕಕ್ಕೆ ಮಲಗಿಸಿ ಹೊಟ್ಟೆಯ ಕೂದಲು ತೆಗೆದು ಒಂದು ಸುತ್ತು ತೊಳೆದಾಗಿತ್ತು. ಸಲಕರಣೆಗಳ ಟ್ರೇ ತೆರೆದಿತ್ತು, ನಾನು ಕೈ ತೊಳೆದುಕೊಂಡಿದ್ದೆ. ಇಷ್ಟೆಲ್ಲ ಆದ ಮೇಲೆಯೇ ಪ್ರೊಪೊಫೋಲ್. ಮತ್ತು ಬರಿಸಿದ ಮೇಲೆ ಕೂದಲು ತೆಗೆಯುತ್ತಾ ಕೂತರೆ ಆ ಹತ್ತು ನಿಮಿಷದ ಮದ್ದೂ ಮರಿಗಳ ಲೆಕ್ಕಕ್ಕೆ ಸೇರುತ್ತದೆ.

ಮತ್ತು ಬರಿಸುವಾಗ ತಲೆ ಎತ್ತರದಲ್ಲಿರಲಿ, ಕೊಳವೆಯ ಗಾಳಿಚೀಲ ಉಬ್ಬಿಸುವವರೆಗೆ ತಗ್ಗಿಸಬೇಡಿ. ಪಗ್‌ನ ಗಂಟಲು ಹೊರಗಿನಿಂದ ಕಾಣುವುದಕ್ಕಿಂತ ಕಿರಿದು. ಅಂದಾಜಿಸಿದ್ದಕ್ಕಿಂತ ಒಂದೆರಡು ಅಳತೆ ಸಣ್ಣ ಕೊಳವೆಗಳನ್ನೂ ತೆಗೆದಿಟ್ಟುಕೊಳ್ಳಿ. ಅಂಗಾತ ಮಲಗಿಸಿದ ಮೇಲೆ, ದೊಡ್ಡ ನಾಯಿಯಾದರೆ, ಸ್ವಲ್ಪ ಎಡಕ್ಕೆ ಓರೆ ಮಾಡಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುವುದು ತಪ್ಪುತ್ತದೆ.

ಅರಿವಳಿಕೆ ನೋಡಿಕೊಳ್ಳುವವರ ಕಣ್ಣು ರಕ್ತದೊತ್ತಡದ ಮೇಲಿರಬೇಕು. ಸರಾಸರಿ ಒತ್ತಡ 60ಕ್ಕಿಂತ ಕೆಳಗೆ ಹೋಗಲು ಬಿಡಬಾರದು. ಹೋದರೆ ಮೊದಲು ಅನಿಲ ಇಳಿಸಿ, ಆಮೇಲೆ ದ್ರವ ಹೆಚ್ಚಿಸಿ, ಆಗಲೂ ಏರದಿದ್ದರೆ ಒತ್ತಡ ಏರಿಸುವ ಎಫೆಡ್ರಿನ್. ಹೃದಯದ ಬಡಿತ ಇಳಿದರೆ ಅದನ್ನು ಏರಿಸಲು ಕೊಡುವ ಮದ್ದುಗಳಲ್ಲಿ ಗ್ಲೈಕೊಪಿರೊಲೇಟ್ ಮರಿಗೆ ದಾಟುವುದಿಲ್ಲ, ಅಟ್ರೊಪೀನ್ ದಾಟುತ್ತದೆ ಎಂಬುದು ನೆನಪಿರಲಿ. ಕೊನೆಯ ಮರಿ ಹೊರಬಂದ ಕ್ಷಣ ತಾಯಿಯ ನೋವಿಗೆ ಬೇಕಾದಷ್ಟು ಮದ್ದು ಕೊಡಬಹುದು. ಅಲ್ಲಿಯವರೆಗೆ ಹಿಡಿದ ಕೈಯನ್ನು ಅಲ್ಲಿಂದ ಬಿಡಬೇಕು. ಮರಿಗಳಿಗಾಗಿ ತಡೆದದ್ದನ್ನು ತಾಯಿಗೆ ಕೊಡಲು ಮರೆಯುವವರನ್ನು ನೋಡಿದ್ದೇನೆ, ಅದು ಅನ್ಯಾಯ.

ಟವೆಲ್ ಹಿಡಿದ ಕೈ

ಎರಡು ಮೂರು ಮರಿಗೆ ಒಬ್ಬರಂತೆ ಜನ ಬೇಕು. ಜನ ಸಾಲದಿದ್ದರೆ ಮನೆಯವರನ್ನೇ ಕೈ ತೊಳೆಸಿ ನಿಲ್ಲಿಸುತ್ತೇನೆ. ಮುಖದ ಮೇಲಿನ ಪೊರೆ ಸರಿಸಿ, ರಬ್ಬರ್ ಬಲ್ಬಿನಿಂದ ಬಾಯಿ ಮತ್ತು ಮೂಗಿನ ನೀರು ಎಳೆದು, ಬೆಚ್ಚಗಿನ ಒಣ ಟವೆಲಿನಲ್ಲಿ ಎದೆ, ಬೆನ್ನು ಉಜ್ಜಬೇಕು. ಮರಿಯನ್ನು ಹಿಡಿದು ಬೀಸಿ ನೀರು ಇಳಿಸುವ ಪದ್ಧತಿಯನ್ನು ಕೈಬಿಡಿ; ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಉಸಿರು ಬಾರದಿದ್ದರೆ ಪುಟ್ಟ ಮಾಸ್ಕಿನಿಂದ ಆಮ್ಲಜನಕ ಕೊಡಿ. ಮೂಗಿನ ಹೊಳ್ಳೆಗಳ ಕೆಳಗೆ, ಮೇಲ್ದುಟಿಯ ನಡುಗೆರೆ ಆರಂಭವಾಗುವಲ್ಲಿ, ಸಣ್ಣ ಸೂಜಿ ಚುಚ್ಚಿ ತಿರುಗಿಸಿದರೆ ಎಷ್ಟೋ ಮರಿಗಳು ಬಿಕ್ಕಿ ಉಸಿರೆಳೆಯುತ್ತವೆ. ತಾಯಿಗೆ ಮೊದಲೇ ಬ್ಯುಟಾರ್ಫನಾಲ್‌ನಂಥದ್ದು ಕೊಟ್ಟಿದ್ದರೆ ಮರಿಯ ನಾಲಗೆಯ ಕೆಳಗೆ ಅದರ ಪ್ರತಿಮದ್ದು ನಲೋಕ್ಸೋನ್ ಒಂದು ಹನಿ. ಮರಿಯ ಹೃದಯ ನಿಧಾನವಾಗಿದ್ದರೆ ಅದಕ್ಕೆ ಬೇಕಿರುವುದು ಆಮ್ಲಜನಕ. ಅಟ್ರೊಪೀನ್ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಚಿಂಕಿಯ ಹೊಟ್ಟೆಯಲ್ಲಿ ನಾಲ್ಕು ಮರಿಗಳಿದ್ದವು. ದಾರಿ ಕಟ್ಟಿ ನಿಂತಿದ್ದ ಮೊದಲನೆಯದು ಆಗಲೇ ಸತ್ತಿತ್ತು. ಎರಡು ಕೈಗೆ ಬಂದ ಕೂಡಲೇ ಕೂಗಿದವು. ನಾಲ್ಕನೆಯದು ಸುಮ್ಮನಿತ್ತು, ನಾಲಗೆ ನೇರಳೆ ಬಣ್ಣ. ಅದು ಮನೆಯಾಕೆಯ ಕೈಯಲ್ಲಿತ್ತು. ಉಜ್ಜುವುದನ್ನು ನಿಲ್ಲಿಸಬೇಡಿ ಅಮ್ಮ ಎಂದು ನಾನು ಹೊಲಿಗೆ ಹಾಕುತ್ತಲೇ ಹೇಳುತ್ತಿದ್ದೆ. ನಾಲ್ಕು ನಿಮಿಷ ಕಳೆದ ಮೇಲೆ ಬಾಯಿ ತೆರೆಯಿತು, ಇನ್ನೊಂದು ನಿಮಿಷಕ್ಕೆ ನಾಲಗೆಯ ತುದಿ ಗುಲಾಬಿಯಾಯಿತು.

ಎಚ್ಚರವಾಗುವ ತಾಯಿ

ಗಂಟಲ ಕೊಳವೆಯನ್ನು ನಾಯಿ ಚೆನ್ನಾಗಿ ನುಂಗುವವರೆಗೆ ತೆಗೆಯಬಾರದು. ಚಪ್ಪಟೆ ಮೂತಿಯದ್ದಾದರೆ ತಲೆ ಎತ್ತಿ, ಕೊಳವೆಯನ್ನು ತಾನೇ ಸಹಿಸದಂತಾಗುವವರೆಗೆ ಕಾಯಿರಿ. ಪೂರ್ತಿ ಎಚ್ಚರವಾಗುವ ಮೊದಲು ಮರಿಗಳನ್ನು ಅದರ ಜೊತೆ ಬಿಟ್ಟು ಹೋಗಬೇಡಿ. ಮಂಪರಿನಲ್ಲಿ ಮೇಲೆ ಮಲಗಿಬಿಡುತ್ತದೆ, ಗುರುತು ಹತ್ತದೆ ಕಚ್ಚುವುದೂ ಉಂಟು. ಯಾರಾದರೂ ಹಿಡಿದುಕೊಂಡು ಮೊಲೆಗೆ ಬಾಯಿ ಹಚ್ಚಿಸಬಹುದು. ಹೊಟ್ಟೆಯ ಮೇಲಿನ ಅಯೋಡಿನ್ ಒರೆಸಿ ತೆಗೆದಿರಬೇಕು. ಮೊದಲ ಹಾಲು ಆದಷ್ಟು ಬೇಗ, ಹನ್ನೆರಡು ಗಂಟೆಯೊಳಗೆ ಒಳಗೆ ಹೋಗಲಿ.

ಮರಿಗಳ ಪೆಟ್ಟಿಗೆ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ. ನಮ್ಮಲ್ಲಿ ಸೆಖೆ ಇದೆಯಲ್ಲ ಎಂದು ಅಲಕ್ಷ್ಯ ಮಾಡಬೇಡಿ, ಆಟಿಯ ಮಳೆಯಲ್ಲಿ ನೆಲ ತಣ್ಣಗಿರುತ್ತದೆ, ಹಾಸಿದ ಬಟ್ಟೆ ಒಣಗುವುದೇ ಇಲ್ಲ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಯಲ್ಲಿ ಇಡಿ, ಇನ್ನೊಂದು ಬದಿ ಖಾಲಿ ಇರಲಿ. ಸೆಖೆಯಾದರೆ ಮರಿ ಅತ್ತ ಸರಿಯುತ್ತದೆ. ತಾಯಿಗೆ ಮುಂದಿನ ಎರಡು ಮೂರು ವಾರಗಳಲ್ಲಿ ನಡುಕ, ಏದುಸಿರು, ಸೆಟೆದ ಕಾಲು ಕಂಡರೆ ಕ್ಯಾಲ್ಸಿಯಂ ಇಳಿದಿದೆ, ರಾತ್ರಿಯಾದರೂ ಸರಿ ಕರೆತನ್ನಿ.

ಮರಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೊದಲ ದಿನ ಸ್ವಲ್ಪ ಇಳಿದರೆ ಗಾಬರಿ ಬೇಡ, ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ ಅಥವಾ ಎರಡನೇ ದಿನವೂ ಏರದಿದ್ದರೆ ಫೋನ್ ಮಾಡಿ. ಕುಂದಾಪುರದಾಚೆಯ ಆ ಮನೆಯಿಂದ ಮೂರು ದಿನ ನನ್ನ ಮೊಬೈಲಿಗೆ ತಕ್ಕಡಿಯ ಚಿತ್ರ ಬರುತ್ತಿತ್ತು. ನಾಲ್ಕನೆಯ ಮರಿ ಹುಟ್ಟಿದಾಗ 142 ಗ್ರಾಂ, ಮರುದಿನ 136, ಮೂರನೆಯ ದಿನ 151.